ನಂಬದ ಮುಖ, ನಂಬಲಾಗದ ಸುದ್ದಿ

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮೇಲ್‌ನಲ್ಲಿ 'ಯುವರ್ ಪ್ರೋಗ್ರೆಸ್ ಈಸ್ ಇನ್‌ಕ್ರೆಡ್ಯುಲಸ್' ಎಂದು ಬರೆದಿದ್ದರು. ಹೊಗಳಿದ್ದಾರೆ ಅಂತ ಗೊತ್ತಾಯಿತು, ಖುಷಿಯೂ ಆಯಿತು. ಆದರೆ ಅಲ್ಲಿ ಇನ್‌ಕ್ರೆಡಿಬಲ್ ಅನ್ನಬೇಕಿತ್ತು ಅಲ್ವಾ? ನಿಘಂಟು ನೋಡಿದರೆ ಒಂದಕ್ಕೆ 'ನಂಬಲಾಗದ' ಅಂತಿದೆ, ಇನ್ನೊಂದಕ್ಕೆ 'ನಂಬದ' ಅಂತಿದೆ. ನನಗಂತೂ ಎರಡೂ ಒಂದೇ ಥರ ಕಾಣುತ್ತವೆ.

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅಲ್ಲಿ ಇನ್‌ಕ್ರೆಡಿಬಲ್ ಬರಬೇಕಿತ್ತು. ಸುದ್ದಿ ಇನ್‌ಕ್ರೆಡಿಬಲ್, ಅದನ್ನು ಕೇಳಿ 'ಏನಂದ್ರಿ?' ಅಂತ ಹುಬ್ಬೇರಿಸಿದವರು ಇನ್‌ಕ್ರೆಡ್ಯುಲಸ್. ಮೊದಲ ಪದ ಸಂಗತಿಯ ಬಗ್ಗೆ ಹೇಳುತ್ತದೆ, ಎರಡನೆಯದು ಆ ಸಂಗತಿಯನ್ನು ಕೇಳಿದ ಅಥವಾ ಕಂಡ ಮನುಷ್ಯನ ಬಗ್ಗೆ. ನಿಮ್ಮ ಪ್ರಗತಿಗೆ ಮನಸ್ಸಿಲ್ಲ, ಅದು ಯಾವುದನ್ನೂ ನಂಬುವುದಿಲ್ಲ, ನಂಬದೇ ಇರುವುದೂ ಇಲ್ಲ. ಹಾಗಾಗಿ ಅದು ಇನ್‌ಕ್ರೆಡ್ಯುಲಸ್ ಆಗಲಾರದು.

ಆದರೆ ಇಷ್ಟು ಹೇಳಿ ಬಿಟ್ಟರೆ ನಾಳೆ ಮತ್ತೆ ಅದೇ ಗೊಂದಲ ಆಗುತ್ತದೆ. ಯಾಕಂದರೆ ಗೊಂದಲದ ಬೇರು ನಮ್ಮ ಕನ್ನಡದಲ್ಲೂ ಇದೆ. 'ನಂಬಿದವರನ್ನು ಕೈಬಿಡಬಾರದು' ಅಂತೀವಿ. ಇಲ್ಲಿ ನಂಬಿದವರು ಅಂದರೆ ನಮ್ಮ ಮೇಲೆ ನಂಬಿಕೆ ಇಟ್ಟವರು. 'ನಂಬಿದವರೇ ಕೈಕೊಟ್ಟರು' ಅಂತಲೂ ಅಂತೀವಿ. ಇಲ್ಲಿ ನಂಬಿದವರು ಅಂದರೆ ನಾವು ಯಾರ ಮೇಲೆ ನಂಬಿಕೆ ಇಟ್ಟಿದ್ದೆವೋ ಅವರು. ಪದ ಒಂದೇ, ನಂಬಿಕೆಯ ದಿಕ್ಕು ಮಾತ್ರ ಉಲ್ಟಾ. 'ನಂಬದ' ಕೂಡ ಹಾಗೇ. 'ಯಾರನ್ನೂ ನಂಬದ ಮನುಷ್ಯ' ಬೇರೆ, 'ಯಾರೂ ನಂಬದ ಮನುಷ್ಯ' ಬೇರೆ. ಕನ್ನಡದಲ್ಲಿ ಅಕ್ಕಪಕ್ಕದ ಪದಗಳು ದಿಕ್ಕು ತೋರಿಸಿಬಿಡುತ್ತವೆ, ಆದ್ದರಿಂದ 'ನಂಬದ' ಎಂಬ ಒಂದೇ ರೂಪ ಇಟ್ಟುಕೊಂಡು ನಾವು ಆರಾಮಾಗಿ ಇದ್ದೇವೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಪದದ ಕೊನೆಯೇ ಮಾಡಬೇಕು. ಕೊನೆಗೆ 'ಇಬಲ್' ಇದ್ದರೆ ಸಾಮಾನ್ಯವಾಗಿ 'ಹಾಗೆ ಮಾಡಬಹುದಾದ' ಎಂಬ ಅರ್ಥ. ವಿಸಿಬಲ್ ಅಂದರೆ ನೋಡಬಹುದಾದ, ಎಡಿಬಲ್ ಅಂದರೆ ತಿನ್ನಬಹುದಾದ, ಕ್ರೆಡಿಬಲ್ ಅಂದರೆ ನಂಬಬಹುದಾದ. ಅದಕ್ಕೆ 'ಇನ್' ಸೇರಿದರೆ ನಂಬಲಾಗದ. ಇನ್‌ಕ್ರೆಡ್ಯುಲಸ್‌ನಲ್ಲಿ ಆ ಕೊನೆ ಇಲ್ಲ. ಲ್ಯಾಟಿನ್‌ನಲ್ಲಿ 'ಕ್ರೆಡುಲುಸ್' ಅಂದರೆ ಸುಲಭವಾಗಿ ನಂಬುವವನು, 'ಇನ್‌ಕ್ರೆಡುಲುಸ್' ಅಂದರೆ ನಂಬದವನು. ಮೊದಲಿಂದಲೂ ಅದು ಮನುಷ್ಯನಿಗೆ ಹೇಳುವ ಪದ.

ಎರಡೂ ಪದಗಳನ್ನು ಒಂದೇ ಘಟನೆಯಲ್ಲಿ ನೋಡಿದರೆ ಮರೆಯುವುದಿಲ್ಲ. 1798ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಜಾನ್ ಹಂಟರ್ ಒಂದು ಪ್ರಾಣಿಯ ಚರ್ಮವನ್ನು ಬ್ರಿಟನ್‌ಗೆ ಕಳಿಸಿದರು. ಮೈತುಂಬ ದಟ್ಟ ಕೂದಲು, ಚಪ್ಪಟೆ ಬಾಲ, ಬೆರಳುಗಳ ನಡುವೆ ಪೊರೆ, ಮುಖದ ಜಾಗದಲ್ಲಿ ಬಾತುಕೋಳಿಯ ಕೊಕ್ಕು. ನಾವು ಈಗ ಪ್ಲಾಟಿಪಸ್ ಅನ್ನುವ ಪ್ರಾಣಿ ಅದು. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞ 1799ರಲ್ಲಿ ಅದನ್ನು ಮೊದಲ ಬಾರಿಗೆ ವಿವರಿಸಿ ಬರೆದರು. ಬರೆಯುತ್ತಲೇ, ಇದು ಯಾರೋ ಕೈಚಳಕದಿಂದ ನಾಲ್ಕು ಕಾಲಿನ ಪ್ರಾಣಿಗೆ ಬಾತುಕೋಳಿಯ ಕೊಕ್ಕು ಜೋಡಿಸಿ ಮಾಡಿದ್ದಿರಬಹುದೇ ಎಂಬ ಯೋಚನೆ ನೋಡಿದ ಕೂಡಲೇ ಬರುತ್ತದೆ ಎಂದರು. ನನ್ನ ಕಣ್ಣನ್ನೇ ನಾನು ಅನುಮಾನಿಸುವ ಹಾಗಾಗಿದೆ ಎಂದೂ ಬರೆದರು. ಆ ಕಾಲದಲ್ಲಿ ಮಂಗದ ಮೈಗೆ ಮೀನಿನ ಬಾಲ ಹೊಲಿದು ಮತ್ಸ್ಯಕನ್ಯೆ ಅಂತ ಮಾರುತ್ತಿದ್ದದ್ದೂ ಉಂಟು, ಹಾಗಾಗಿ ಅನುಮಾನ ಸುಮ್ನೆ ಬಂದದ್ದಲ್ಲ. ಈಗ ಹೇಳಿ, ಇಲ್ಲಿ ಇನ್‌ಕ್ರೆಡಿಬಲ್ ಯಾವುದು? ಪ್ರಾಣಿ. ಇನ್‌ಕ್ರೆಡ್ಯುಲಸ್ ಯಾರು? ಆ ಚರ್ಮವನ್ನು ಮೇಜಿನ ಮೇಲಿಟ್ಟು, ಕೊಕ್ಕು ಮತ್ತು ಚರ್ಮ ಕೂಡುವ ಜಾಗದಲ್ಲಿ ಹೊಲಿಗೆ ಇದೆಯೇನೋ ಎಂಬ ಯೋಚನೆಯಲ್ಲಿದ್ದ ಮನುಷ್ಯ.

ಇದೇ ಉದಾಹರಣೆಯಿಂದ ಇನ್ನೊಂದು ಮುಖ್ಯ ಸಂಗತಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ಪದದ ಬಗ್ಗೆ ತಿಳಿಯಬೇಕಾದ್ದರಲ್ಲಿ ಇದೇ ದೊಡ್ಡದು. ಇನ್‌ಕ್ರೆಡ್ಯುಲಸ್ ಎಂಬ ಪದ ಸುದ್ದಿ ಸುಳ್ಳು ಅಂತ ತೀರ್ಪು ಕೊಡುವುದಿಲ್ಲ. ಕೇಳಿದವರ ಮನಸ್ಸು ಆ ಕ್ಷಣಕ್ಕೆ ಒಪ್ಪಲಿಲ್ಲ ಅಂತ ಮಾತ್ರ ಹೇಳುತ್ತದೆ. ಪ್ಲಾಟಿಪಸ್ ನಿಜವೇ ಆಗಿತ್ತು. ಪತ್ರಿಕೆಯಲ್ಲಿ 'ಪರಿಣತರು ಇನ್‌ಕ್ರೆಡ್ಯುಲಸ್ ಆಗಿದ್ದರು' ಅಂತ ಓದಿದಾಗ, ಓಹೋ ಸುದ್ದಿ ಸುಳ್ಳು ಅಂತ ಅರ್ಥ ಮಾಡಿಕೊಂಡರೆ ಬರೆದವರು ಹೇಳದೇ ಇರುವುದನ್ನು ನಾವು ಸೇರಿಸಿಕೊಂಡ ಹಾಗಾಗುತ್ತದೆ.

ಒಂದೇ ಜಾಗದಲ್ಲಿ ಎರಡೂ ಪದ ಕೂರಬಹುದು, ಅಲ್ಲಿ ಜಾಸ್ತಿ ಎಚ್ಚರ ಬೇಕು. 'ಶಿ ಈಸ್ ಇನ್‌ಕ್ರೆಡಿಬಲ್' ಅಂದರೆ ಅವಳು ಅದ್ಭುತ. 'ಶಿ ಈಸ್ ಇನ್‌ಕ್ರೆಡ್ಯುಲಸ್' ಅಂದರೆ ಹೇಳಿದ್ದನ್ನು ಅವಳು ನಂಬುತ್ತಿಲ್ಲ. ಎರಡೂ ವ್ಯಾಕರಣದಲ್ಲಿ ಸರಿ, ಹಾಗಾಗಿ ಕಂಪ್ಯೂಟರಿನ ಸ್ಪೆಲ್‌ಚೆಕ್ ಕೂಡ ಸುಮ್ಮನಿರುತ್ತದೆ. ಇನ್ನು ಇನ್‌ಕ್ರೆಡಿಬಲ್ ಯಾವಾಗಲೂ ಹೊಗಳಿಕೆಯೇ ಅಂತಲೂ ತಿಳಿಯಬೇಡಿ. ಕೋರ್ಟಿನ ಭಾಷೆಯಲ್ಲಿ ಒಬ್ಬರ ಸಾಕ್ಷ್ಯವನ್ನು ಇನ್‌ಕ್ರೆಡಿಬಲ್ ಅಂದರೆ ಅದು ನಂಬಲು ಯೋಗ್ಯವಲ್ಲ ಅಂತ. ಅದರ ಹಳೆಯ, ಮೂಲದ ಅರ್ಥ ಅದೇ. ಹೊಗಳುವ ಅರ್ಥ ಆಮೇಲೆ ಬಂದು ಜಾಗವನ್ನೆಲ್ಲ ಹಿಡಿದುಕೊಂಡಿದೆ.

ಪ್ರಶ್ನೆ: ಷೇಕ್ಸ್‌ಪಿಯರ್ ಇನ್‌ಕ್ರೆಡ್ಯುಲಸ್ ಪದವನ್ನು ಇನ್‌ಕ್ರೆಡಿಬಲ್ ಅರ್ಥದಲ್ಲೇ ಬಳಸಿದ್ದಾನೆ ಅಂತ ಕೇಳಿದ್ದೇನೆ. ಅವನು ಬಳಸಿದರೆ ಸರಿ, ನಾವು ಬಳಸಿದರೆ ತಪ್ಪು, ಇದು ಯಾವ ನ್ಯಾಯ?

ಉತ್ತರ: ನೀವು ಕೇಳಿದ್ದು ನಿಜ. 'ಟ್ವೆಲ್ಫ್ತ್ ನೈಟ್' ನಾಟಕದ ಮೂರನೇ ಅಂಕದಲ್ಲಿ ಮಾಲ್ವೋಲಿಯೊ ಎಂಬ ಪಾತ್ರದ ಬಾಯಲ್ಲಿ ಆ ಮಾತು ಬರುತ್ತದೆ. ಈ ನಾಟಕ 1602ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಆಡಿದ್ದಕ್ಕೆ ದಾಖಲೆ ಇದೆ. ಮಾಲ್ವೋಲಿಯೊ ಮನೆಯ ಮೇಲ್ವಿಚಾರಕ. ಮನೆಯೊಡತಿ ತನ್ನನ್ನು ಪ್ರೀತಿಸುತ್ತಾಳೆ ಅಂತ ತೋರಿಸುವ ಒಂದು ನಕಲಿ ಪತ್ರ ಅವನಿಗೆ ಸಿಗುತ್ತದೆ, ಅವನು ಅದನ್ನು ಪೂರ್ತಿ ನಂಬುತ್ತಾನೆ. ನಂಬಿ, ಇದರಲ್ಲಿ ಅನುಮಾನಕ್ಕೆ ಎಳ್ಳಷ್ಟೂ ಜಾಗವಿಲ್ಲ, 'ಇನ್‌ಕ್ರೆಡ್ಯುಲಸ್' ಆದ ಸಂದರ್ಭ ಒಂದೂ ಇಲ್ಲ ಅನ್ನುತ್ತಾನೆ. ಅಂದರೆ ನಂಬಲಾಗದಂಥದ್ದು ಏನೂ ಇಲ್ಲ ಅಂತ. ಸ್ವಲ್ಪವಾದರೂ ಇನ್‌ಕ್ರೆಡ್ಯುಲಸ್ ಆಗಿರಬೇಕಾಗಿದ್ದ ಮನುಷ್ಯನೇ ಆ ಪದವನ್ನು ಪತ್ರದ ಬಗ್ಗೆ ಹೇಳುತ್ತಾನೆ. ಈ ಪದದ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು.

ಆದರೆ 400 ವರ್ಷದ ಹಿಂದಿನ ಬಳಕೆಯನ್ನು ಇವತ್ತಿನ ಮೇಲ್‌ಗೆ ಅಳತೆಗೋಲು ಮಾಡಿಕೊಳ್ಳಲು ಆಗುವುದಿಲ್ಲ. ಆ ಅರ್ಥ ಮುಂದೆ ಬಳಕೆ ತಪ್ಪಿತು. ಈಚಿನ ಕಾಲದಲ್ಲಿ ಮತ್ತೆ ಅಲ್ಲಲ್ಲಿ ತಲೆ ಎತ್ತಿದೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದನ್ನು ಮೂರನೇ ಅರ್ಥವಾಗಿ ಕೊಟ್ಟಿದೆ ಕೂಡ. ನಿಘಂಟಿನ ಕೆಲಸ ಜನ ಏನು ಬರೆಯುತ್ತಿದ್ದಾರೆ ಅಂತ ದಾಖಲಿಸುವುದು. ಅದನ್ನು ಓದಿದವರು ಏನಂದುಕೊಳ್ಳುತ್ತಾರೆ ಅನ್ನುವುದು ಬೇರೆ ವಿಷಯ. ಇವತ್ತು ಇಂಗ್ಲಿಷ್ ಚೆನ್ನಾಗಿ ಬಲ್ಲವರಲ್ಲಿ ಹೆಚ್ಚಿನವರು ಆ ಬಳಕೆ ಕಂಡರೆ ತಪ್ಪು ಅಂತಲೇ ಓದುತ್ತಾರೆ. ಉದ್ಯೋಗದ ಅರ್ಜಿಯಲ್ಲಿ, ಪರೀಕ್ಷೆಯಲ್ಲಿ ಷೇಕ್ಸ್‌ಪಿಯರನ ಹೆಸರು ಹೇಳಿ ವಾದಿಸಲು ನಮಗೆ ಅವಕಾಶ ಸಿಗುವುದಿಲ್ಲ. ಹಾಗಾಗಿ ನನ್ನ ಸಲಹೆ: ಹಳೆಯ ನಾಟಕದಲ್ಲಿ ಸಿಕ್ಕಿದರೆ ಅರ್ಥ ಮಾಡಿಕೊಳ್ಳಿ, ನೀವಾಗಿ ಬರೆಯಬೇಡಿ.

ನ್ಯಾಯದ ಪ್ರಶ್ನೆ ಮಾತ್ರ ಒಳ್ಳೆಯದು, ಅದಕ್ಕೊಂದು ಮಾತು ಹೇಳಲೇಬೇಕು. ಇಂಗ್ಲಿಷ್ ಈ ವಿಷಯದಲ್ಲಿ ಒಂದೇ ನಿಯಮ ಪಾಲಿಸುವುದಿಲ್ಲ. ಸಸ್ಪಿಷಸ್ ಪದ ನೋಡಿ. ಅನುಮಾನ ಪಡುವವನೂ ಸಸ್ಪಿಷಸ್, ಅನುಮಾನ ಹುಟ್ಟಿಸುವವನೂ ಸಸ್ಪಿಷಸ್. ಡ್ಯೂಬಿಯಸ್ ಕೂಡ ಹಾಗೇ. ಫಿಯರ್‌ಫುಲ್ ಅಂದರೆ ಹೆದರಿದವನೂ ಹೌದು, ಹೆದರಿಸುವಂಥದ್ದೂ ಹೌದು. ಇವು ಎರಡೂ ದಿಕ್ಕಿಗೆ ಓಡಾಡುತ್ತವೆ, ಯಾರೂ ಆಕ್ಷೇಪ ಎತ್ತುವುದಿಲ್ಲ. ಇನ್‌ಕ್ರೆಡ್ಯುಲಸ್‌ಗೆ ಆ ಸ್ವಾತಂತ್ರ್ಯ ಯಾಕಿಲ್ಲ ಅಂದರೆ, ಇನ್ನೊಂದು ದಿಕ್ಕಿನ ಕೆಲಸಕ್ಕೆ ಇನ್‌ಕ್ರೆಡಿಬಲ್ ಆಗಲೇ ಅಲ್ಲಿ ಕೂತಿದೆ. ಕಂಟೆಂಪ್ಟಿಬಲ್ ಮತ್ತು ಕಂಟೆಂಪ್ಚುಅಸ್ ಜೋಡಿಯೂ ಹೀಗೇ: ಮೊದಲನೆಯದು ತಿರಸ್ಕಾರಕ್ಕೆ ತಕ್ಕವನು, ಎರಡನೆಯದು ತಿರಸ್ಕಾರ ತೋರಿಸುವವನು. ಈ ಜೋಡಿ ನೆನಪಿದ್ದರೆ ನಮ್ಮ ಜೋಡಿಯೂ ನೆನಪಿರುತ್ತದೆ.

ಪ್ರಶ್ನೆ: ಸ್ಕೆಪ್ಟಿಕಲ್, ಡೌಟ್‌ಫುಲ್, ಸಸ್ಪಿಷಸ್ ಇವೆಲ್ಲ ಇರುವಾಗ ಇನ್‌ಕ್ರೆಡ್ಯುಲಸ್ ಯಾಕೆ ಬೇಕು?

ಉತ್ತರ: ಬೇಕು, ಯಾಕಂದರೆ ಮಿಕ್ಕವು ಅದರ ಕೆಲಸ ಮಾಡುವುದಿಲ್ಲ. ಸ್ಕೆಪ್ಟಿಕಲ್ ಎನ್ನುವುದು ಒಂದು ನಿಲುವು. ಸಾಕ್ಷಿ ಕೊಡಿ, ಆಮೇಲೆ ನೋಡೋಣ ಅನ್ನುವ ಮನಸ್ಸು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುವ ಗಾದೆ ಇದೆಯಲ್ಲ, ಅದು ಸ್ಕೆಪ್ಟಿಕಲ್ ಮನುಷ್ಯನ ಗಾದೆ. ಅದು ವರ್ಷಗಟ್ಟಲೆ ಇರಬಹುದು, ಶಾಂತವಾಗಿಯೂ ಇರಬಹುದು. ಇನ್‌ಕ್ರೆಡ್ಯುಲಸ್ ಹಾಗಲ್ಲ. ಅದು ಮಾತು ಕಿವಿಗೆ ಬಿದ್ದ ಕ್ಷಣದಲ್ಲಿ ಆಗುವಂಥದ್ದು. ಹೆಚ್ಚಾಗಿ ಮುಖದಲ್ಲಿ, ದನಿಯಲ್ಲಿ ಕಾಣುತ್ತದೆ. ಹುಬ್ಬು ಮೇಲೆ ಹೋಗುತ್ತದೆ, ಬಾಯಿ ಅರ್ಧ ತೆರೆಯುತ್ತದೆ, ಕೆಲವೊಮ್ಮೆ ನಗುವೇ ಬಂದುಬಿಡುತ್ತದೆ. ಅದರಲ್ಲಿ ಬೆರಗು ಸೇರಿರುತ್ತದೆ. ಆದ್ದರಿಂದಲೇ ಒಬ್ಬರು ಒಂದೇ ಸಂಗತಿಯ ಬಗ್ಗೆ ಇನ್‌ಕ್ರೆಡ್ಯುಲಸ್ ಆಗಿಯೂ ಖುಷಿಯಾಗಿಯೂ ಇರಬಹುದು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಿದೆ ಅಂತ ಫೋನ್ ಬಂದಾಗ 'ನಾನಾ? ನಿಜವಾಗ್ಲೂ ನಾನಾ?' ಅಂತ ಕೇಳುವ ಹುಡುಗಿ ಇನ್‌ಕ್ರೆಡ್ಯುಲಸ್. ಅವಳನ್ನು ಸ್ಕೆಪ್ಟಿಕಲ್ ಅಂದರೆ ತಪ್ಪಾಗುತ್ತದೆ, ಅವಳೇನೂ ಸಾಕ್ಷಿ ಕೇಳುತ್ತಿಲ್ಲ.

ಡೌಟ್‌ಫುಲ್ ಅಂದರೆ ಅತ್ತ ಇತ್ತ ಹೊಯ್ದಾಟ, ಹೌದೋ ಅಲ್ಲವೋ ಅನ್ನುವ ಸ್ಥಿತಿ. ಸಸ್ಪಿಷಸ್‌ನಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂಬ ಗುಮಾನಿ ಇರುತ್ತದೆ. ಇನ್‌ಕ್ರೆಡ್ಯುಲಸ್‌ಗೆ ಎರಡೂ ಬೇಕಾಗಿಲ್ಲ.

ಪ್ರಶ್ನೆ: 'ಕ್ರೆಡ್ಯುಲಸ್' ಅಂತಲೂ ಒಂದು ಪದ ಇದೆಯಾ? ಇದ್ದರೆ ಅದು ಒಳ್ಳೆಯ ಗುಣವೋ ಕೆಟ್ಟದ್ದೋ? ಇದರ ನಾಮಪದ ಏನು?

ಉತ್ತರ: ಇದೆ. ಒಳ್ಳೆಯ ಗುಣ ಅಂತ ಯಾರೂ ಹೇಳುವುದಿಲ್ಲ. ಕ್ರೆಡ್ಯುಲಸ್ ಅಂದರೆ ಬೆಳ್ಳಗಿರುವುದೆಲ್ಲ ಹಾಲು ಅಂತ ನಂಬುವವರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು. ಆದರೆ ನೆನಪಿಡಿ, ಇದು ಒಬ್ಬರ ಸ್ವಭಾವಕ್ಕೆ ಹೇಳುವ ಪದ. ಇನ್‌ಕ್ರೆಡ್ಯುಲಸ್ ಹೆಚ್ಚಾಗಿ ಒಂದು ಸಂದರ್ಭಕ್ಕೆ ಹೇಳುವ ಪದ. ನೋಡಲು ವಿರುದ್ಧ ಪದಗಳಂತೆ ಇದ್ದರೂ ಸರಿಯಾಗಿ ಎದುರುಬದುರು ನಿಲ್ಲುವುದಿಲ್ಲ. ಸ್ವಭಾವದಿಂದ ಕ್ರೆಡ್ಯುಲಸ್ ಆದವರೂ ಒಂದು ದಿನ ಒಂದು ಮಾತಿಗೆ ಇನ್‌ಕ್ರೆಡ್ಯುಲಸ್ ಆಗಬಹುದು.

ನಾಮಪದ ಇನ್‌ಕ್ರೆಡ್ಯುಲಿಟಿ. ಈ ಪದಕ್ಕೆ ಚಿತ್ರವೇ ಬೇಕು ಅನ್ನುವವರು ಇಟಲಿಯ ಕಲಾವಿದ ಕಾರವಾಜಿಯೊ 1601-02ರ ಸುಮಾರಿಗೆ ಬರೆದ 'ದಿ ಇನ್‌ಕ್ರೆಡ್ಯುಲಿಟಿ ಆಫ್ ಸೇಂಟ್ ಥಾಮಸ್' ನೋಡಿ. ಮೂಲ ಚಿತ್ರ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿದೆ. ಕಥೆ ಬೈಬಲಿನಲ್ಲಿ ಯೋಹಾನನ ಸುವಾರ್ತೆಯದು. ಸತ್ತ ಯೇಸು ಎದ್ದು ಬಂದಿದ್ದಾನೆ ಅಂತ ಗೆಳೆಯರು ಹೇಳಿದಾಗ, ಗಾಯದೊಳಗೆ ಬೆರಳಿಟ್ಟು ನೋಡದೆ ನಂಬುವುದಿಲ್ಲ ಅಂದವನು ಥಾಮಸ್. ಚಿತ್ರದಲ್ಲಿ ಯೇಸುವೇ ಅವನ ಕೈ ಹಿಡಿದು ಪಕ್ಕೆಯ ಗಾಯದ ಕಡೆಗೆ ತಂದಿದ್ದಾನೆ. ಬೆರಳ ತುದಿ ಒಳಗೆ ಹೋಗಿದೆ, ಅದರ ಮೇಲಿನ ಚರ್ಮ ಸ್ವಲ್ಪ ಎದ್ದಿದೆ. ಥಾಮಸನ ಹಣೆಯ ತುಂಬ ನೆರಿಗೆ. ಹಿಂದೆ ಇಬ್ಬರು ಬಗ್ಗಿ ಅದೇ ಜಾಗ ನೋಡುತ್ತಿದ್ದಾರೆ. ಆ ನೆರಿಗೆಗಳನ್ನು ನೋಡಿದರೆ ಪದದ ಅರ್ಥ ಬೇರೆ ಕೇಳಬೇಕಾಗಿಲ್ಲ.

ಪ್ರಶ್ನೆ: 'ಆರ್ಗ್ಯುಮೆಂಟ್ ಫ್ರಮ್ ಇನ್‌ಕ್ರೆಡ್ಯುಲಿಟಿ' ಅಂದರೇನು? ಚರ್ಚೆಗಳಲ್ಲಿ ಬೈಗುಳದ ಹಾಗೆ ಬಳಸುತ್ತಾರೆ.

ಉತ್ತರ: ತರ್ಕದ ಒಂದು ದೋಷದ ಹೆಸರು ಅದು. 'ಇದು ನನಗೆ ನಂಬಲಿಕ್ಕೇ ಆಗುವುದಿಲ್ಲ, ಹಾಗಾಗಿ ಇದು ಸುಳ್ಳು' ಅನ್ನುವ ವಾದ. ನಮಗೆ ಊಹಿಸಲು ಬಾರದ್ದು ಇರಲಾರದು ಅಂದುಬಿಟ್ಟರೆ ಅದು ನಮ್ಮ ಊಹೆಯ ಮಿತಿಯೇ ಹೊರತು ಸಾಕ್ಷಿಯಲ್ಲ. ಮೊದಲ ಉತ್ತರದಲ್ಲಿ ಹೇಳಿದ ಪ್ಲಾಟಿಪಸ್ ಮೊಟ್ಟೆ ಇಡುತ್ತದೆ ಅನ್ನುವ ಮಾತನ್ನು ಯುರೋಪಿನ ಎಷ್ಟೋ ವಿಜ್ಞಾನಿಗಳು ದಶಕಗಟ್ಟಲೆ ಒಪ್ಪಲಿಲ್ಲ. ಮರಿಗೆ ಹಾಲು ಕೊಡುವ ಪ್ರಾಣಿ ಮೊಟ್ಟೆ ಇಡುವುದು ಅಂದರೇನು ಅಂತ. ಕೊನೆಗೆ 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಎಂಬ ಪ್ರಾಣಿಶಾಸ್ತ್ರಜ್ಞ ಆಸ್ಟ್ರೇಲಿಯಾದಲ್ಲಿ ಮೊಟ್ಟೆ ಇಡುವುದನ್ನು ಖಚಿತ ಮಾಡಿಕೊಂಡು ಟೆಲಿಗ್ರಾಂ ಕಳಿಸಬೇಕಾಯಿತು.

ತತ್ವಶಾಸ್ತ್ರದಲ್ಲಿ 'ಇನ್‌ಕ್ರೆಡ್ಯುಲಸ್ ಸ್ಟೇರ್' ಅನ್ನುವ ಮಾತೂ ಹೆಸರಾಗಿದೆ. ಸ್ಟೇರ್ ಅಂದರೆ ದಿಟ್ಟಿಸಿ ನೋಡುವುದು. ಅಮೆರಿಕದ ತತ್ವಜ್ಞಾನಿ ಡೇವಿಡ್ ಲೂಯಿಸ್, ಸಾಧ್ಯವಿರುವ ಪ್ರತಿಯೊಂದು ಜಗತ್ತೂ ನಮ್ಮ ಜಗತ್ತಿನಷ್ಟೇ ನಿಜ ಅಂತ ವಾದಿಸಿದವರು. ತಮ್ಮ ವಾದಕ್ಕೆ ಇಂಥ ನೋಟಗಳು ಬಹಳ ಸಿಕ್ಕಿವೆ, ತರ್ಕವಿಟ್ಟು ಮಾಡಿದ ಆಕ್ಷೇಪಗಳು ಮಾತ್ರ ಕಡಿಮೆ ಅಂತ 1973ರಲ್ಲಿ ಬರೆದರು. ಅವರ ವಾದ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು, ದೂರು ಮಾತ್ರ ನ್ಯಾಯವಾದದ್ದು. ಬಿಟ್ಟ ಕಣ್ಣು ಉತ್ತರವಲ್ಲ. ಆದರೆ ಬೈಗುಳವಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಇನ್‌ಕ್ರೆಡ್ಯುಲಸ್ ಆಗುವುದು ದೋಷವಲ್ಲ, ಅದನ್ನೇ ಸಾಕ್ಷಿ ಅಂತ ಮುಂದಿಡುವುದು ದೋಷ.

ಪ್ರಶ್ನೆ: ಕ್ರೆಡಿಟ್ ಕಾರ್ಡಿಗೂ ಇನ್‌ಕ್ರೆಡ್ಯುಲಸ್‌ಗೂ ಸಂಬಂಧ ಇದೆಯಾ? ಸಂಸ್ಕೃತದ 'ಶ್ರದ್ಧಾ' ಕೂಡ ಇದೇ ಬಳಗದ್ದು ಅಂತ ಒಬ್ಬರು ಹೇಳಿದರು. ನಂಬಬಹುದಾ?

ಉತ್ತರ: ಎರಡನ್ನೂ ನಂಬಬಹುದು. ಲ್ಯಾಟಿನ್‌ನಲ್ಲಿ 'ಕ್ರೆಡೆರೆ' ಅಂದರೆ ನಂಬು, ನಂಬಿ ಒಪ್ಪಿಸು. ನಂಬಿ ಕೊಟ್ಟ ಸಾಲ 'ಕ್ರೆಡಿಟುಮ್'. ಅಲ್ಲಿಂದ ಬಂದದ್ದು ಕ್ರೆಡಿಟ್. ಕ್ರೆಡೆನ್ಷಿಯಲ್ ಅನ್ನುವುದೂ ಅದೇ ಮನೆಯದು. ಈ ಕ್ರೆಡೆರೆ ಮತ್ತು ಸಂಸ್ಕೃತದ ಶ್ರದ್ಧಾ ಎರಡಕ್ಕೂ ಮೂಲ ಒಂದೇ ಅಂತ ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. 'ಹೃದಯವನ್ನು ಇಡು' ಎಂಬ ಅರ್ಥದ ಒಂದು ಹಳೆಯ ಜೋಡಿಪದ ಅದು ಅಂತ ಹೆಚ್ಚಿನವರು ಹೇಳುತ್ತಾರೆ. ಶ್ರದ್ಧಾದಲ್ಲಿರುವ 'ಧಾ' ಅಂದರೆ ಇಡು. ನಾವೂ 'ನಂಬಿಕೆ ಇಡು' ಅಂತಲೇ ಹೇಳುತ್ತೇವೆ, ನೋಡಿ.

ಆದರೆ ಇದನ್ನು ನಂಬಿಕೊಂಡು ಇನ್‌ಕ್ರೆಡ್ಯುಲಿಟಿಗೆ 'ಅಶ್ರದ್ಧೆ' ಅಂತ ಅನುವಾದ ಮಾಡಬೇಡಿ. ಕನ್ನಡದಲ್ಲಿ ಶ್ರದ್ಧೆಗೆ ಮನಸ್ಸಿಟ್ಟು ಮಾಡುವುದು ಎಂಬ ಅರ್ಥವೂ ಬಂದಿದೆ, ಅಶ್ರದ್ಧೆ ಅಂದರೆ ಉದಾಸೀನ ಅಂತ ಓದುತ್ತಾರೆ.

ಪ್ರಶ್ನೆ: ನಾನು ಒಂದು ಇಂಗ್ಲಿಷ್ ಕಥೆ ಅನುವಾದ ಮಾಡುತ್ತಿದ್ದೇನೆ. 'ಶಿ ಗೇವ್ ಹಿಮ್ ಆ್ಯನ್ ಇನ್‌ಕ್ರೆಡ್ಯುಲಸ್ ಲುಕ್' ಅಂತ ಬಂದಿದೆ. 'ಅಪನಂಬಿಕೆಯ ನೋಟ ಬೀರಿದಳು' ಅಂತ ಬರೆದಿದ್ದೇನೆ, ಸಮಾಧಾನ ಇಲ್ಲ.

ಉತ್ತರ: ಸಮಾಧಾನ ಆಗದೇ ಇರುವುದು ಸಹಜ. ಅಪನಂಬಿಕೆ ಅಂದಾಗ ಕನ್ನಡದಲ್ಲಿ ಎದುರಿಗಿರುವವನ ಮೇಲೇ ವಿಶ್ವಾಸ ಇಲ್ಲ ಅಂತ ಕೇಳಿಸುತ್ತದೆ. ಗಂಡ ಹೆಂಡತಿ ನಡುವೆ ಅಪನಂಬಿಕೆ, ಪಾಲುದಾರರ ನಡುವೆ ಅಪನಂಬಿಕೆ, ಹೀಗೆ. ಕಥೆಯಲ್ಲಿ ಅವಳಿಗೆ ಅವನ ಮೇಲೆ ನಂಬಿಕೆ ಇದೆ, ಅವನು ಈಗ ಹೇಳಿದ ಮಾತಿನ ಮೇಲೆ ಇಲ್ಲ ಅಂತಾದರೆ ಆ ಪದ ದಾರಿ ತಪ್ಪಿಸುತ್ತದೆ. ವಿಶೇಷಣಕ್ಕೆ ವಿಶೇಷಣವನ್ನೇ ಹುಡುಕುವ ಹಟ ಬಿಡಿ. ಕನ್ನಡ ಇಂಥ ಕಡೆ ಕ್ರಿಯಾಪದ ಕೇಳುತ್ತದೆ. 'ನಿಜವಾ ಅನ್ನೋ ಹಾಗೆ ಅವನನ್ನು ನೋಡಿದಳು.' 'ಅವಳು ನಂಬಲಿಲ್ಲ. ಅವನ ಮುಖವನ್ನೇ ನೋಡಿದಳು.' 'ಹೌದಾ, ಅಂತ ಹುಬ್ಬೇರಿಸಿದಳು.' ಸಲಿಗೆ ಇರುವ ಜೋಡಿಯಾದರೆ 'ಕಿವಿ ಮೇಲೆ ಹೂ ಇಡ್ತಿದ್ದೀಯಾ ಅನ್ನುವ ಹಾಗೆ ನೋಡಿದಳು' ಅಂತಲೂ ಆಗುತ್ತದೆ, ಆದರೆ ಆಗ ಅವನು ಬೇಕಂತಲೇ ಸುಳ್ಳು ಹೇಳುತ್ತಿದ್ದಾನೆ ಎಂಬ ಅರ್ಥ ಸೇರುತ್ತದೆ, ಸಂದರ್ಭ ನೋಡಿ ಬಳಸಿ. ಖುಷಿಯ ಸುದ್ದಿಯಾಗಿದ್ದರೆ 'ತನ್ನ ಕಿವಿಯನ್ನೇ ನಂಬದವಳ ಹಾಗೆ' ಅನ್ನುವುದು ಚೆನ್ನಾಗಿ ಕೂರುತ್ತದೆ. 'ನಂಬಲಾಗದ ನೋಟ' ಅಂತ ಮಾತ್ರ ಬೇಡ, ಆಗ ನೋಟವೇ ಇನ್‌ಕ್ರೆಡಿಬಲ್ ಆಗಿಬಿಡುತ್ತದೆ.

ಪ್ರಶ್ನೆ: ಇದರ ಮುಂದೆ ಆ್ಯಟ್ ಬರುತ್ತದೋ ಆಫ್ ಬರುತ್ತದೋ? ಉಚ್ಚಾರಣೆಯನ್ನೂ ತಿಳಿಸಿ.

ಉತ್ತರ: ಸುದ್ದಿಗೆ, ಘಟನೆಗೆ ಆ ಕ್ಷಣದ ಪ್ರತಿಕ್ರಿಯೆಯಾದರೆ ಆ್ಯಟ್: 'ಇನ್‌ಕ್ರೆಡ್ಯುಲಸ್ ಆ್ಯಟ್ ದ ನ್ಯೂಸ್'. ಹೇಳಿಕೆ, ಸಿದ್ಧಾಂತ ಇಂಥವನ್ನು ಒಪ್ಪದೇ ಇರುವುದಾದರೆ ಆಫ್ ಕೂಡ ಬರುತ್ತದೆ, ಆದರೆ ಅದು ಬರಹದಲ್ಲಿ ಜಾಸ್ತಿ. ಇಡೀ ವಾಕ್ಯ ಸೇರಿಸಬೇಕಾದರೆ ದ್ಯಾಟ್: 'ಹಿ ವಾಸ್ ಇನ್‌ಕ್ರೆಡ್ಯುಲಸ್ ದ್ಯಾಟ್ ದೇ ಹ್ಯಾಡ್ ವನ್'. ಅವರು ಗೆದ್ದರು ಅನ್ನುವುದನ್ನು ಅವನಿಗೆ ನಂಬಲಾಗಲಿಲ್ಲ ಅಂತ.

ಉಚ್ಚಾರಣೆಯಲ್ಲಿ ಒತ್ತು ಎರಡನೇ ಭಾಗದ ಮೇಲೆ, 'ಕ್ರೆ' ಮೇಲೆ. ಬ್ರಿಟನ್ನಿನಲ್ಲಿ ಇನ್‌ಕ್ರೆಡ್ಯುಲಸ್, ಅಮೆರಿಕದಲ್ಲಿ ಇನ್‌ಕ್ರೆಜುಲಸ್ ಅಂತ ಕೇಳಿಸುತ್ತದೆ, ಎರಡೂ ಸರಿ. ನಾಮಪದಕ್ಕೆ ಬಂದಾಗ ಒತ್ತು ಮುಂದೆ ಸರಿಯುತ್ತದೆ: ಇನ್‌ಕ್ರೆಡ್ಯುಲಿಟಿಯಲ್ಲಿ 'ಡ್ಯು' ಮೇಲೆ ಒತ್ತು ಹಾಕಿ.